ಒಂದು ಕ್ರಿಯಾಪದಕ್ಕೆ ಎಷ್ಟು ಕಪಾಟು? ಕಲಿಕಾ ಮಾನದಂಡ ರೂಪಿಸುವವರಿಗೆ ಪ್ರೌಢಶಾಲಾ ಗ್ರಂಥಪಾಲಕರ ಬಹಿರಂಗ ಪತ್ರ

ಮಾನ್ಯರೇ,

ಯಾವ ತರಗತಿಯ ಮಗು ಏನು ಕಲಿತಿರಬೇಕು ಎಂದು ಹೇಳುವ ಕಲಿಕಾ ಮಾನದಂಡದ ಕರಡು ಸಮಿತಿಯ ಮುಂದಿರುವಾಗ ಅಲ್ಲಿ ತೂಗುವುದು ಮಾತುಗಳನ್ನು. ‘ವಿವರಿಸುವರು’ ಸಾಕೇ, ‘ವಿಶ್ಲೇಷಿಸುವರು’ ಬೇಕೇ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ನಡೆಯಲೂ ಬೇಕು. ಅದೇ ಮಾತು ಅಚ್ಚಾಗಿ ಶಾಲೆಗೆ ಬಂದ ದಿನ ಗ್ರಂಥಪಾಲಕರ ಮೇಜಿನ ಮೇಲೆ ಬೇರೆಯೇ ಲೆಕ್ಕವಾಗುತ್ತದೆ: ಎಷ್ಟು ಪುಸ್ತಕ, ಎಷ್ಟು ಕುರ್ಚಿ, ಎಷ್ಟು ಪೀರಿಯಡ್. ನಿಮ್ಮ ಕ್ರಿಯಾಪದವೇ ನಮ್ಮ ಖರೀದಿ ಪಟ್ಟಿ. ಆ ಲೆಕ್ಕ ಕರಡಿನ ಹಂತದಲ್ಲೇ ನಿಮ್ಮ ಕಣ್ಣಿಗೆ ಬೀಳಲಿ ಎಂದು ಈ ಪತ್ರ.

ಇತಿಹಾಸದ ಒಂದು ಕಲಿಕಾ ಫಲವನ್ನು, ಅಂದರೆ ಮಾನದಂಡದ ಒಂದು ಸಾಲನ್ನು, ತೆಗೆದುಕೊಳ್ಳಿ. ಹಳೆಯ ಪ್ರತಿಯಲ್ಲಿ ‘ಯುದ್ಧದ ಕಾರಣಗಳನ್ನು ವಿವರಿಸುವರು’ ಎಂದಿತ್ತು. ಅದಕ್ಕೆ ಪಠ್ಯಪುಸ್ತಕ, ಜೊತೆಗೆ ಒಂದು ವಿಶ್ವಕೋಶ ಇದ್ದರೆ ನಡೆಯುತ್ತಿತ್ತು. ಹೊಸ ಪ್ರತಿಯಲ್ಲಿ ‘ಯುದ್ಧದ ಕಾರಣಗಳ ಬಗ್ಗೆ ಭಿನ್ನ ನಿಲುವಿನ ಆಕರಗಳನ್ನು ಹೋಲಿಸಿ ಅವುಗಳ ವಿಶ್ವಾಸಾರ್ಹತೆಯನ್ನು ನಿರ್ಣಯಿಸುವರು’ ಎಂದಾಗಿದೆ. ಬದಲಾವಣೆ ಒಳ್ಳೆಯದೇ, ನಾವು ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಲೆಕ್ಕ ನೋಡಿ. ಒಂದು ಸೆಕ್ಷನ್ನಿನಲ್ಲಿ 40 ಮಕ್ಕಳು, ನಾಲ್ಕು ನಾಲ್ಕು ಜನರಂತೆ 10 ಗುಂಪು. ಹೋಲಿಕೆ ಎಂದರೆ ಗುಂಪಿಗೆ ಕನಿಷ್ಠ 3 ಆಕರ ಬೇಕು, ಎರಡೇ ಇದ್ದರೆ ಮಕ್ಕಳು ‘ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂದರೆ ಒಂದು ಸೆಕ್ಷನ್ನಿಗೆ ಒಂದು ಹೊತ್ತಿಗೆ 30 ಆಕರ. ಅಂಥ 5 ಸೆಕ್ಷನ್ನುಗಳು ಒಂದೇ ಹದಿನೈದು ದಿನದಲ್ಲಿ ಬಂದು ಪುಸ್ತಕಗಳನ್ನು ಮನೆಗೂ ಒಯ್ದರೆ 150.

150 ಇಲ್ಲದೆಯೂ ಇದನ್ನು ನಡೆಸುವ ದಾರಿಯಿದೆ. ಒಂದೇ ವಿಷಯದ ಬದಲು ಐದು ಉಪವಿಷಯ ಆರಿಸಬೇಕು, ಪ್ರತಿ ಉಪವಿಷಯಕ್ಕೆ ಎರಡು ಗುಂಪು, 6 ಆಕರ. ಆ 30 ಪುಸ್ತಕ ಮತ್ತು ದಾಖಲೆಗಳನ್ನು ಎರವಲು ಕೊಡದೆ ಮೀಸಲು ಕಪಾಟಿನಲ್ಲಿಟ್ಟು, ಸೆಕ್ಷನ್ನುಗಳನ್ನು ಬೇರೆ ಬೇರೆ ಪೀರಿಯಡ್ಡಿನಲ್ಲಿ ಕರೆಸಿದರೆ 200 ಮಕ್ಕಳಿಗೂ ಸಾಲುತ್ತದೆ. ಆದರೆ ಉಪವಿಷಯ ಆರಿಸುವ ಸ್ವಾತಂತ್ರ್ಯ ಮಾನದಂಡದಲ್ಲಿ ಇರಬೇಕು. ಎಲ್ಲರೂ ಇದೇ ಒಂದು ಘಟನೆಯನ್ನು ಅಭ್ಯಾಸ ಮಾಡತಕ್ಕದ್ದು ಎಂದು ಬರೆದರೆ ಕೆಲಸ ನಿಂತಂತೆಯೇ. ಒಂದೇ ಘಟನೆಯ ಮೇಲೆ ಹದಿನಾಲ್ಕು ಹದಿನೈದರ ಮಕ್ಕಳು ಓದಬಲ್ಲ 30 ಬೇರೆ ಬೇರೆ ಆಕರ ಸಿಗುವುದು ಅಪರೂಪ. ಆಗ ಮೂರು ಆಕರಗಳನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಹಂಚುತ್ತಾರೆ. ಹತ್ತು ಗುಂಪಿನಿಂದ ಒಂದೇ ಉತ್ತರ ಬರುತ್ತದೆ, ಹುಡುಕುವ ಮತ್ತು ಆಯುವ ಕೆಲಸವನ್ನು ಮಕ್ಕಳ ಬದಲು ಶಿಕ್ಷಕರೇ ಮಾಡಿ ಮುಗಿಸಿರುತ್ತಾರೆ. ಮಾನದಂಡ ಕೇಳಿದ್ದು ಅದನ್ನಲ್ಲ.

ಹೊಸ ಮಾನದಂಡ ಕೈಗೆ ಬಂದಾಗ ನಾವು ಮೊದಲು ಮಾಡುವುದು ನಕ್ಷೆ. ಒಂದು ಶೀಟಿನಲ್ಲಿ ಪ್ರತಿ ಕಲಿಕಾ ಫಲದ ಸಂಕೇತ, ಅದರ ಕ್ರಿಯಾಪದ, ವಿಷಯ, ತರಗತಿ, ಪಾಠ ನಡೆಯುವ ವಾರ, ಗ್ರಂಥಾಲಯದಲ್ಲಿರುವ ಆಕರಗಳ ಸಂಖ್ಯೆ, ಅವುಗಳ ಪ್ರಕಟಣೆಯ ವರ್ಷ. ವಾರವನ್ನು ಶಿಕ್ಷಕರ ಬಳಿ ಕೂತೇ ತುಂಬಬೇಕು. ಪಠ್ಯಕ್ರಮದ ಪುಸ್ತಕದಲ್ಲಿರುವ ಕ್ರಮವನ್ನು ನಂಬಿದರೆ ಪುಸ್ತಕ ಬರುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಎಣಿಕೆಯದು. ಕ್ಯಾಟಲಾಗಿನಲ್ಲಿ ವಿಷಯ ಸೂಚಿಸುವ ಒಂದು ವರ್ಗಸಂಖ್ಯೆಯಡಿ 12 ಶೀರ್ಷಿಕೆ ಕಾಣುತ್ತವೆ ಎನ್ನೋಣ. ಕಪಾಟಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿದರೆ 5 ಕಾಲೇಜು ಮಟ್ಟದವು, 3 ಪರೀಕ್ಷಾ ಗೈಡುಗಳು, 2 ಒಂದೇ ಪುಸ್ತಕದ ಹಳೆಯ ಮತ್ತು ಹೊಸ ಮುದ್ರಣ. ಬಳಸಲು ಬರುವುದು ಮೂರು. ಕ್ಯಾಟಲಾಗಿನ 12 ಅನ್ನೇ ವರದಿಗೆ ಬರೆದರೆ ‘ಸಂಪನ್ಮೂಲ ಸಾಕಷ್ಟಿದೆ’ ಎಂಬ ಷರಾ ಬೀಳುತ್ತದೆ, ಆ ವಿಷಯಕ್ಕೆ ಆ ವರ್ಷ ಹಣ ಬರುವುದಿಲ್ಲ.

ಹಣ ಬಂದರೂ ಪುಸ್ತಕ ಮರುದಿನ ಬರುವುದಿಲ್ಲ. ಬೇಡಿಕೆ ಪಟ್ಟಿ, ಶಿಕ್ಷಕರ ಒಪ್ಪಿಗೆ, ಕೊಟೇಶನ್, ಮಂಜೂರಾತಿ, ಆರ್ಡರ್, ಸರಬರಾಜು, ಬಿಲ್ಲಿಗೆ ತಾಳೆ ನೋಡುವುದು, ದಾಖಲಾತಿ ವಹಿಗೆ ಏರಿಸುವುದು, ವರ್ಗೀಕರಣ, ಕ್ಯಾಟಲಾಗ್, ಬೆನ್ನಿಗೆ ಲೇಬಲ್, ಆಮೇಲೆ ಕಪಾಟು. ಖರೀದಿ ವರ್ಷಕ್ಕೊಮ್ಮೆ ನಡೆಯುವ ಕಡೆ, ಶಾಲೆ ತೆರೆಯುವ ಎರಡು ತಿಂಗಳ ಮೊದಲು ಪ್ರಕಟವಾದ ಮಾನದಂಡಕ್ಕೆ ಪುಸ್ತಕ ಸಿಗುವುದು ಎರಡನೇ ವರ್ಷದ ಮಕ್ಕಳಿಗೆ. ಮೊದಲ ವರ್ಷದವರು ಹೊಸ ಪ್ರಶ್ನೆಗೆ ಹಳೆಯ ಪುಸ್ತಕದಲ್ಲಿ ಉತ್ತರ ಹುಡುಕುತ್ತಾರೆ. ಅಂತಿಮ ಪ್ರತಿ ಮತ್ತು ಜಾರಿಯ ನಡುವೆ ಪೂರ್ತಿ 12 ತಿಂಗಳು ಬಿಡಿ. ಇದು ನಮ್ಮ ಮೊದಲ ಬೇಡಿಕೆ, ಇದಕ್ಕೆ ನಿಮಗೆ ಹೆಚ್ಚಿನ ಖರ್ಚೂ ಇಲ್ಲ.

ಹೊಸದು ತರುವಷ್ಟೇ ಮುಖ್ಯ ಕೆಲಸ ಹಳೆಯದನ್ನು ತೆಗೆಯುವುದು. ಹೊಲದಲ್ಲಿ ಕಳೆ ಕೀಳುವ ಹಾಗೆ. 2006ಕ್ಕಿಂತ ಹಿಂದಿನ ಖಗೋಳ ಪುಸ್ತಕ ಪ್ಲೂಟೊವನ್ನು ಒಂಬತ್ತನೇ ಗ್ರಹ ಎನ್ನುತ್ತದೆ. 2016ಕ್ಕಿಂತ ಹಿಂದಿನ ಆವರ್ತಕ ಕೋಷ್ಟಕದಲ್ಲಿ 113, 115, 117, 118ನೇ ಮೂಲವಸ್ತುಗಳಿಗೆ ಈಗಿನ ಹೆಸರುಗಳಿರುವುದಿಲ್ಲ. ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಕಾಪಿಟ್ಟ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ದ್ರವ್ಯರಾಶಿ ಎನ್ನುವ ಭೌತಶಾಸ್ತ್ರದ ಪುಸ್ತಕ 2019ರ ಮೇ 20ರಿಂದ ಹಳತಾಯಿತು, ಅಂದಿನಿಂದ ವ್ಯಾಖ್ಯೆ ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ಗ್ರಂಥಾಲಯಗಳು ಬಳಸುವ ಕ್ರ್ಯೂ ವಿಧಾನ ಇದಕ್ಕೆ ಮೂರು ಅಳತೆ ಕೊಡುತ್ತದೆ: ಪುಸ್ತಕ ಪ್ರಕಟವಾಗಿ ಎಷ್ಟು ವರ್ಷವಾಯಿತು, ಯಾರೂ ಒಯ್ಯದೆ ಎಷ್ಟು ವರ್ಷವಾಯಿತು, ಮತ್ತು ಅದರ ಸ್ಥಿತಿ ಹೇಗಿದೆ. ಸ್ಥಿತಿ ಎಂದರೆ ಮಾಹಿತಿ ದಾರಿ ತಪ್ಪಿಸುವಂತಿದೆಯೇ, ಹರಿದಿದೆಯೇ, ಹೊಸ ಆವೃತ್ತಿ ಬಂದಿದೆಯೇ, ಹುರುಳಿಲ್ಲವೇ, ಈ ಓದುಗರಿಗೆ ಬೇಡವೇ, ಬೇರೆಡೆ ಸುಲಭವಾಗಿ ಸಿಗುತ್ತದೆಯೇ.

ತಪಾಸಣೆಗೆ ಬಂದವರು ‘ಸಂಗ್ರಹದ ಸರಾಸರಿ ವಯಸ್ಸು’ ಎಂಬ ಒಂದೇ ಅಂಕಿ ಕೇಳಿದಾಗ ಈ ವಿವೇಚನೆಗೆ ಪೆಟ್ಟು ಬೀಳುತ್ತದೆ. ಸರಾಸರಿ ಇಳಿಸಲು ಸುಲಭದ ದಾರಿ ಹಳೆಯದನ್ನೆಲ್ಲ ರದ್ದು ಮಾಡುವುದು. ಆದರೆ ಆಕರಗಳನ್ನು ಹೋಲಿಸಿ ಎಂದು ನಿಮ್ಮ ಮಾನದಂಡವೇ ಹೇಳುತ್ತಿರುವಾಗ ಹಳೆಯ ಭೂಪಟ, ಹಳೆಯ ವಿಶ್ವಕೋಶದ ಒಂದು ಸಂಪುಟ, ಹಿಂದಿನ ಇತಿಹಾಸ ಪಠ್ಯಪುಸ್ತಕ ಇವೆಲ್ಲ ಪ್ರಾಥಮಿಕ ಆಕರಗಳು. ಅಂದಿನವರು ಏನನ್ನು ಸತ್ಯವೆಂದು ಬರೆದಿದ್ದರು ಎಂಬುದನ್ನು ಮಕ್ಕಳು ಬೆರಳಿಟ್ಟು ತೋರಿಸಬಹುದು. ಅಂಥವನ್ನು ಸಾಮಾನ್ಯ ಕಪಾಟಿನಿಂದ ತೆಗೆದು, ಮುಖಪುಟದ ಒಳಗೆ ‘ಐತಿಹಾಸಿಕ ಆಕರ, ಇಂದಿನ ಮಾಹಿತಿಗೆ ಅಲ್ಲ’ ಎಂದು ಚೀಟಿ ಅಂಟಿಸಿ, ಬೇರೆ ಪೆಟ್ಟಿಗೆಯಲ್ಲಿಡಬೇಕು. ಸರಾಸರಿ ಕೇಳುವುದಾದರೆ ವರ್ಗವಾರು ಕೇಳಿ, ಈ ಪೆಟ್ಟಿಗೆಯನ್ನು ಲೆಕ್ಕದಿಂದ ಹೊರಗಿಡಿ.

ಇನ್ನು ಕ್ಯಾಟಲಾಗ್. ನಿಮ್ಮ ಕೈಯಲ್ಲಿ ಎಷ್ಟೊಂದು ಇದೆ ಎಂಬುದು ಬಹುಶಃ ನಿಮಗೆ ಯಾರೂ ಹೇಳಿಲ್ಲದ ಜಾಗ ಇದು. ಗ್ರಂಥಾಲಯಗಳ ದಾಖಲೆ ನಮೂನೆಯಾದ ಮಾರ್ಕ್ 21ರಲ್ಲಿ 658 ಎಂಬ ಕ್ಷೇತ್ರವೇ (ಮಾಹಿತಿ ತುಂಬುವ ಅಂಕಣ) ಪಠ್ಯಕ್ರಮದ ಉದ್ದೇಶಕ್ಕೆಂದು ಮೀಸಲು. ಅದರ ‘ಎ’ ಉಪಕ್ಷೇತ್ರದಲ್ಲಿ ಮುಖ್ಯ ಉದ್ದೇಶ, ‘ಬಿ’ಯಲ್ಲಿ ಉಪ ಉದ್ದೇಶ, ‘ಸಿ’ಯಲ್ಲಿ ಸಂಕೇತ, ‘ಡಿ’ಯಲ್ಲಿ ಪುಸ್ತಕಕ್ಕೂ ಉದ್ದೇಶಕ್ಕೂ ಎಷ್ಟು ಹೊಂದಿಕೆ ಎಂಬುದು, ‘2’ರಲ್ಲಿ ಯಾವ ಮಾನದಂಡ ಎಂಬುದು. 521 ಎಂಬ ಇನ್ನೊಂದು ಕ್ಷೇತ್ರ ಯಾವ ಓದುಗರಿಗೆ ಎಂದು ಹೇಳುತ್ತದೆ. 658 ತುಂಬಿದ್ದರೆ ಶಿಕ್ಷಕರು ಕಲಿಕಾ ಫಲದ ಸಂಕೇತವನ್ನೇ ಟೈಪ್ ಮಾಡಿ ಕಪಾಟಿನಲ್ಲಿರುವ ಪುಸ್ತಕಗಳನ್ನು ಪಡೆಯಬಹುದು. ಇಷ್ಟು ಅನುಕೂಲವಿದ್ದೂ ಶಾಲಾ ಕ್ಯಾಟಲಾಗುಗಳಲ್ಲಿ ಅದು ಖಾಲಿ ಉಳಿಯುವುದಕ್ಕೆ ಸೋಮಾರಿತನ ಕಾರಣವಲ್ಲ. ಮಾನದಂಡಗಳು ಪಿಡಿಎಫ್ ರೂಪದಲ್ಲಿ ಬರುತ್ತವೆ, ನಕಲು ಮಾಡಿದರೆ ಅಕ್ಷರ ಒಡೆಯುತ್ತದೆ, ಕೆಲವು ಕಡೆ ಸಂಕೇತವೇ ಇರುವುದಿಲ್ಲ, ಬರೀ ಚುಕ್ಕೆ ಗುರುತು. ಇನ್ನೂ ಕೆಟ್ಟದ್ದು ಪರಿಷ್ಕರಣೆಯಲ್ಲಿ ಆಗುತ್ತದೆ. ಮೊದಲು 9.3.2 ಎಂದರೆ ಜೀವವೈವಿಧ್ಯ, ನಡುವೆ ಒಂದು ಹೊಸ ಅಂಶ ಸೇರಿದ್ದರಿಂದ ಈಗ 9.3.2 ಎಂದರೆ ಶಕ್ತಿಯ ಹರಿವು. ಕ್ಯಾಟಲಾಗಿನಲ್ಲಿ 9.3.2 ಎಂದು ಗುರುತಿಸಿದ ಪುಸ್ತಕಗಳೆಲ್ಲ ಒಂದೇ ದಿನದಲ್ಲಿ ಸುಳ್ಳು ಹೇಳತೊಡಗುತ್ತವೆ.

ಪರಿಹಾರ ಸರಳ. ಒಮ್ಮೆ ಕೊಟ್ಟ ಸಂಕೇತವನ್ನು ಇನ್ನೆಂದೂ ಬೇರೆ ಅರ್ಥಕ್ಕೆ ಬಳಸಬೇಡಿ. ಕೈಬಿಟ್ಟರೆ ‘ಕೈಬಿಡಲಾಗಿದೆ’ ಎಂದು ಬರೆದು ಆ ಸಂಖ್ಯೆಯನ್ನು ಹಾಗೆಯೇ ಬಿಡಿ, ಹೊಸದಕ್ಕೆ ಹೊಸ ಸಂಖ್ಯೆ ಕೊಡಿ. ಮಾನದಂಡದ ಜೊತೆಗೆ ಒಂದು ಶೀಟ್ ಪ್ರಕಟಿಸಿ: ಹಳೆಯ ಸಂಕೇತ, ಹೊಸ ಸಂಕೇತ, ಏನಾಯಿತು (ಉಳಿಯಿತು, ಒಡೆಯಿತು, ಸೇರಿತು, ಹೋಯಿತು), ಜಾರಿಯ ದಿನಾಂಕ. ಅದಿದ್ದರೆ ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ ನೂರಾರು ದಾಖಲೆಗಳನ್ನು ಒಟ್ಟಿಗೆ ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಒಂದೊಂದೇ ಪುಸ್ತಕ ತೆರೆದು ನೋಡಬೇಕು. ಒಂದು ಸಂಕೇತ ಎರಡಾಗಿ ಒಡೆದಿದ್ದರೆ ಮಾತ್ರ ಯಂತ್ರಕ್ಕೆ ಬಿಡಬಾರದು, ಯಾವ ಪುಸ್ತಕ ಯಾವ ಭಾಗಕ್ಕೆ ಎಂದು ಮನುಷ್ಯರೇ ತೀರ್ಮಾನಿಸಬೇಕು.

ಓದಿನ ಮಟ್ಟವನ್ನು ಅಂಕಿಯಲ್ಲಿ ಹೇಳುವ ವಿಷಯಕ್ಕೆ ಬರೋಣ, ಏಕೆಂದರೆ ಒಳ್ಳೆಯ ಉದ್ದೇಶದ ಮಾತು ಕಪಾಟಿಗೆ ಬರುವಷ್ಟರಲ್ಲಿ ಹೇಗೆ ಕುಗ್ಗುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ 2010ರಲ್ಲಿ ಬಂದ ಕಾಮನ್ ಕೋರ್ ಮಾನದಂಡ, ಪಠ್ಯದ ಸಂಕೀರ್ಣತೆಯನ್ನು ಮೂರು ಬಗೆಯಲ್ಲಿ ನೋಡಿ ಎಂದಿತು: ಅಂಕಿಯಲ್ಲಿ ಅಳೆಯುವುದು, ಗುಣದಲ್ಲಿ ಅಳೆಯುವುದು, ಓದುಗ ಮತ್ತು ಓದಿನ ಉದ್ದೇಶವನ್ನು ಗಮನಿಸುವುದು. ಮೊದಲನೆಯದನ್ನು ಯಂತ್ರ ಮಾಡುತ್ತದೆ, ವಾಕ್ಯದ ಉದ್ದ ಮತ್ತು ಪದಗಳು ಎಷ್ಟು ಬಳಕೆಯವು ಎಂಬುದನ್ನು ಎಣಿಸುತ್ತದೆ. ಉಳಿದೆರಡಕ್ಕೆ ಪುಸ್ತಕ ಓದಿದವರು ಬೇಕು. ಅದೇ ದಸ್ತಾವೇಜಿನ ಅನುಬಂಧ ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಅಂಕಿಯ ಅಳತೆಗಳನ್ನೇ ನಂಬಿದರೆ ಜಾನ್ ಸ್ಟೈನ್‌ಬೆಕ್ಕರ ‘ದಿ ಗ್ರೇಪ್ಸ್ ಆಫ್ ರಾತ್’ ಎರಡು ಮೂರನೇ ತರಗತಿಯ ಮಕ್ಕಳಿಗೆ ಸರಿ ಎಂದು ಬರುತ್ತದೆ. ಲೆಕ್ಸೈಲ್ ಎಂಬ ಅಂಥ ಒಂದು ಅಂಕಿಯ ಮಾಪನದಲ್ಲಿ ಆ ಕಾದಂಬರಿಯ ಅಂಕ 680. ಒಂಬತ್ತು ಮತ್ತು ಹತ್ತನೇ ತರಗತಿಗೆ ಅದೇ ಮಾನದಂಡ ಸೂಚಿಸಿದ ವ್ಯಾಪ್ತಿ 1050ರಿಂದ 1335. ಚಿಕ್ಕ ಚಿಕ್ಕ ಮಾತುಕತೆಯಲ್ಲಿ ದೊಡ್ಡ ದುಃಖ ಹೇಳುವ ಕಾದಂಬರಿ ಯಂತ್ರದ ಲೆಕ್ಕಕ್ಕೆ ಸಿಗುವುದಿಲ್ಲ.

ಎಚ್ಚರಿಕೆ ಅನುಬಂಧದಲ್ಲೇ ಉಳಿಯಿತು, ಅಂಕಿ ಮಾತ್ರ ಪುಸ್ತಕದ ಬೆನ್ನಿಗೆ ಅಂಟಿತು. ಬೆನ್ನ ಮೇಲೆ ಮಟ್ಟದ ಚೀಟಿ ಬಂದ ಕಡೆ ಮೂರು ತೊಂದರೆಗಳು ಒಟ್ಟಿಗೇ ಬರುತ್ತವೆ. ಮಟ್ಟದ ಪ್ರಕಾರ ಜೋಡಿಸಿದರೆ ವಿಷಯದ ಪ್ರಕಾರ ಇದ್ದ ಡ್ಯೂಯಿ ಕ್ರಮ ಒಡೆಯುತ್ತದೆ, ಒಂದು ಪುಸ್ತಕ ಹುಡುಕುತ್ತಾ ಪಕ್ಕದ್ದು ಕಣ್ಣಿಗೆ ಬೀಳುವ ಭಾಗ್ಯ ತಪ್ಪುತ್ತದೆ. ಓದು ನಿಧಾನವಿರುವ ಮಗುವಿನ ಮಟ್ಟ ಗೆಳೆಯರಿಗೆಲ್ಲ ಗೊತ್ತಾಗುತ್ತದೆ, ಆ ಮಗು ಕಪಾಟಿನ ಕಡೆ ಬರುವುದನ್ನೇ ಬಿಡುತ್ತದೆ. ಚೆನ್ನಾಗಿ ಓದುವ ಮಗುವಿಗೆ ‘ಇದು ನಿನ್ನ ಮಟ್ಟಕ್ಕಿಂತ ಕೆಳಗಿನದು’ ಎಂದು ಇಷ್ಟದ ಪುಸ್ತಕ ತಪ್ಪುತ್ತದೆ. ಅಂಕಿ ಬೇಕಾದವರಿಗೆ 521ನೇ ಕ್ಷೇತ್ರವಿದೆ, ಅಲ್ಲಿರಲಿ. ಬೆನ್ನ ಮೇಲೆ ಬೇಡ ಎಂದು ಮಾನದಂಡದಲ್ಲೇ ಒಂದು ಸಾಲು ಬರೆಯಿರಿ.

ಕಾಮನ್ ಕೋರ್ ಮಾನದಂಡದ ಇನ್ನೊಂದು ಸಾಲಿಗೂ ಇದೇ ಗತಿಯಾಯಿತು. ಹನ್ನೆರಡನೇ ತರಗತಿಯ ಹೊತ್ತಿಗೆ ಓದಿನಲ್ಲಿ ಶೇ. 70 ಮಾಹಿತಿ ಪಠ್ಯ, ಶೇ. 30 ಸಾಹಿತ್ಯ ಎಂದು ಅದು ಹೇಳಿದ್ದು ವಿಜ್ಞಾನ, ಇತಿಹಾಸ ಎಲ್ಲ ವಿಷಯಗಳ ಓದನ್ನು ಕೂಡಿಸಿ. ಭಾಷಾ ತರಗತಿಯಲ್ಲೇ ಶೇ. 70 ಎಂದು ಓದಿಕೊಂಡವರು ಕಥೆ ಕಾದಂಬರಿಗಳಿಗೆ ಕತ್ತರಿ ಹಾಕಿದರು. ಪ್ರಮಾಣ ಹೇಳುವ ಸಾಲನ್ನು ವ್ಯಾಪ್ತಿಯೊಂದಿಗೆ ಅದೇ ವಾಕ್ಯದಲ್ಲಿ ಹೇಳಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ. ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವಾದ ಇಫ್ಲಾ 2002ರ ತನ್ನ ಶಾಲಾ ಗ್ರಂಥಾಲಯ ಮಾರ್ಗಸೂಚಿಯಲ್ಲಿ ಪ್ರತಿ ವಿದ್ಯಾರ್ಥಿಗೆ 10 ಪುಸ್ತಕ, ಸಂಗ್ರಹದ ಕನಿಷ್ಠ ಶೇ. 60ರಷ್ಟು ಪಠ್ಯಕ್ರಮಕ್ಕೆ ಸಂಬಂಧಿಸಿದ ಕಥೇತರ ಸಾಮಗ್ರಿ ಎಂದಿತ್ತು. ಉಳಿದ ಭಾಗ ಯಾವ ಸಂಕೇತಕ್ಕೂ ಸೇರದ, ಮಕ್ಕಳು ತಾವಾಗಿ ಬಂದು ಒಯ್ಯುವ ಪುಸ್ತಕಗಳದ್ದು. ‘ಪ್ರತಿ ಖರೀದಿಗೂ ಕಲಿಕಾ ಫಲದ ಸಂಕೇತ ನಮೂದಿಸತಕ್ಕದ್ದು’ ಎಂಬ ಒಂದು ಆದೇಶ ಆ ಭಾಗವನ್ನು ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಓದುವ ಅಭ್ಯಾಸ ಹುಟ್ಟುವುದು ಅಲ್ಲಿ. ದಯವಿಟ್ಟು ಅದನ್ನು ಮುಟ್ಟಬೇಡಿ.

ಅತಿ ಹೆಚ್ಚು ಹಾಳಾಗುವುದು ‘ಸಂಶೋಧನೆ’ ಎಂಬ ಪದ. ಮಕ್ಕಳು ಮಾಹಿತಿ ಹುಡುಕುವ ಬಗೆಯನ್ನು ಅಭ್ಯಾಸ ಮಾಡಿದ ಕ್ಯಾರಲ್ ಕುಲ್ತಾವ್ ಅದರಲ್ಲಿ ಆರು ಹಂತಗಳನ್ನು ಗುರುತಿಸಿದ್ದಾರೆ: ಕೆಲಸ ಒಪ್ಪಿಕೊಳ್ಳುವುದು, ವಿಷಯ ಆರಿಸುವುದು, ಸುತ್ತಮುತ್ತ ಓದುವುದು, ತನ್ನ ಪ್ರಶ್ನೆ ಕಂಡುಕೊಳ್ಳುವುದು, ಸಾಮಗ್ರಿ ಕೂಡಿಸುವುದು, ಮಂಡಿಸುವುದು. ಮೂರನೇ ಹಂತದಲ್ಲಿ ಗೊಂದಲ ಏರುತ್ತದೆ, ಅದು ಸಹಜ. ನಾಲ್ಕನೆಯದರಲ್ಲಿ ಅದು ತಿಳಿಯಾಗುತ್ತದೆ. ಆದರೆ ಪಠ್ಯಯೋಜನೆಯಲ್ಲಿ ಸಂಶೋಧನೆಗೆ 3 ಪೀರಿಯಡ್ ಎಂದು ಬರೆದಾಗ ಮೊದಲು ಬಿದ್ದುಹೋಗುವುದು ಇವೇ ಎರಡು ಹಂತ. ವಿಷಯ ಸಿಕ್ಕ ಕೂಡಲೇ ಮಕ್ಕಳು ಸಾಮಗ್ರಿ ಕೂಡಿಸಲು ಹೊರಡುತ್ತಾರೆ. ತನ್ನದೇ ಪ್ರಶ್ನೆ ಇಲ್ಲದವರಿಗೆ ಯಾವ ಪ್ಯಾರಾ ಬೇಕು, ಯಾವುದು ಬೇಡ ಎಂದು ಗೊತ್ತಾಗುವ ಬಗೆ ಯಾವುದು? ಎಲ್ಲವನ್ನೂ ನಕಲು ಮಾಡುತ್ತಾರೆ. ಅದನ್ನು ಮಕ್ಕಳ ಅಪ್ರಾಮಾಣಿಕತೆ ಎಂದು ಕರೆಯುವ ಮೊದಲು ಯೋಜನೆ ಕೊಟ್ಟ ಸಮಯವನ್ನು ನೋಡಬೇಕು.

45 ನಿಮಿಷದ ಪೀರಿಯಡ್ಡಿನಲ್ಲಿ ಬಂದು ಕೂರಲು 5, ಎತ್ತಿಡಲು 5 ಹೋದರೆ ಉಳಿಯುವುದು 35. ಸರಿಯಾಗಿ ಮಾಡಲು ಕನಿಷ್ಠ 8 ಪೀರಿಯಡ್ ಬೇಕು: ಹಿನ್ನೆಲೆ ಓದಿಗೆ ಒಂದು, ಪ್ರಶ್ನೆ ರೂಪಿಸಲು ಒಂದು, ಆಕರ ಹುಡುಕಲು ಎರಡು, ಟಿಪ್ಪಣಿಗೆ ಎರಡು, ಏನು ಕಡಿಮೆ ಬಿತ್ತು ಎಂದು ನೋಡಲು ಒಂದು, ಉಲ್ಲೇಖಪಟ್ಟಿಗೆ ಒಂದು. ಒಂದು ವಿಷಯಕ್ಕೆ 3 ತರಗತಿ, ತರಗತಿಗೆ 5 ಸೆಕ್ಷನ್ ಎಂದರೆ 120 ಪೀರಿಯಡ್. ಎರಡು ವಿಷಯದವರು ಕೇಳಿದರೆ 240. ವಾರಕ್ಕೆ 30 ಪೀರಿಯಡ್ ಇರುವ ಒಬ್ಬ ಗ್ರಂಥಪಾಲಕರಿಗೆ ಇದು ಬೇರೇನೂ ಮಾಡದೆ 8 ವಾರ. ಆ ವಾರಗಳಲ್ಲಿ ವಾಚನಾಲಯವನ್ನು ಪರೀಕ್ಷಾ ಕೊಠಡಿ ಮಾಡಿದರೆ ಲೆಕ್ಕ ಮೊದಲಿಂದ ಶುರು. ಹಾಗಾಗಿ ಸಂಶೋಧನೆ ಎಂಬ ಪದ ಬಳಸುವ ಪ್ರತಿ ಕಲಿಕಾ ಫಲದ ಪಕ್ಕ ಪೀರಿಯಡ್ ಸಂಖ್ಯೆ ಬರೆಯಿರಿ, ಮತ್ತು ಒಂದು ತರಗತಿಗೆ ವರ್ಷಕ್ಕೆ ಅಂಥ ಎರಡಕ್ಕಿಂತ ಹೆಚ್ಚು ಇಡಬೇಡಿ. ಐದನ್ನು ಅರೆಬರೆ ಮಾಡುವುದಕ್ಕಿಂತ ಎರಡನ್ನು ಪೂರ್ತಿ ಮಾಡಿದ ಮಗು ಹೆಚ್ಚು ಕಲಿಯುತ್ತದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆಕರದ ವಿಶ್ವಾಸಾರ್ಹತೆಯ ಬಗ್ಗೆ ಒಂದು ಮಾತು. ‘ನಂಬಲರ್ಹ ಜಾಲತಾಣದ ಲಕ್ಷಣಗಳನ್ನು ಪಟ್ಟಿ ಮಾಡುವರು’ ಎಂಬ ಕಲಿಕಾ ಫಲ ಮಕ್ಕಳನ್ನು ಅದೇ ಪುಟದಲ್ಲಿ ಕಟ್ಟಿಹಾಕುತ್ತದೆ. ವಿಳಾಸದ ಕೊನೆ ಏನಿದೆ, ಲೇಖಕರ ಹೆಸರಿದೆಯೇ, ವಿನ್ಯಾಸ ಚೆನ್ನಾಗಿದೆಯೇ ಎಂದು ಗುರುತು ಹಾಕುತ್ತಾ ಕೂರುತ್ತಾರೆ, ಮೋಸ ಮಾಡುವವರು ಇವೆಲ್ಲವನ್ನೂ ಚೆನ್ನಾಗಿಯೇ ಮಾಡಿರುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮ್ಯಾಕ್‌ಗ್ರೂ, ಜಾಲತಾಣ ನಂಬಲರ್ಹವೇ ಎಂದು ಹೇಗೆ ನಿರ್ಣಯಿಸುತ್ತಾರೆ ಎಂದು 45 ಜನರನ್ನು ಗಮನಿಸಿದರು: 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು), 25 ವಿದ್ಯಾರ್ಥಿಗಳು. ಪುಟದೊಳಗೇ ಉಳಿದು ಮೇಲಿಂದ ಕೆಳಗೆ ಓದಿದವರು ಹಲವು ಬಾರಿ ಮೋಸ ಹೋದರು. ಸತ್ಯಶೋಧಕರು ಬೇಗನೆ ಪುಟ ಬಿಟ್ಟು, ಹೊಸ ಟ್ಯಾಬ್ ತೆರೆದು, ಆ ತಾಣ ನಡೆಸುವ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಮಾನದಂಡದಲ್ಲಿ ‘ಪಟ್ಟಿ ಮಾಡುವರು’ ಬದಲು ‘ಆ ಆಕರದ ಬಗ್ಗೆ ಬೇರೆ ಎರಡು ಆಕರಗಳಲ್ಲಿ ವಿಚಾರಿಸಿ ದಾಖಲಿಸುವರು’ ಎಂದು ಬರೆಯಿರಿ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳು ಇಲ್ಲದ ಪುಸ್ತಕದ ಹೆಸರು ಕೊಡುವ ಕಾಲದಲ್ಲಿ ಇದು ಇನ್ನೂ ಅಗತ್ಯ. ಅಂಥ ಉಲ್ಲೇಖ ಹಿಡಿದು ಬಂದ ಮಗುವಿಗೆ ಮೊದಲು ಮಾಡಿಸುವುದು ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತು ಸಂಖ್ಯೆಯ ಪರೀಕ್ಷೆ: 13 ಅಂಕಿಗಳನ್ನು ಎಡದಿಂದ ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿಸಿದರೆ ಮೊತ್ತ 10ರಿಂದ ಭಾಗವಾಗಬೇಕು. ಆಗದಿದ್ದರೆ ಸಂಖ್ಯೆ ತಪ್ಪು. ಆದರೂ ಅಲ್ಲಿಗೇ ನಿಲ್ಲಬಾರದು, ಸಂಖ್ಯೆ ಬೇರೆ ಯಾವುದೋ ಪುಸ್ತಕದ್ದಿರಬಹುದು. ಹೆಸರು, ಲೇಖಕ, ವರ್ಷ ಮೂರನ್ನೂ ದೊಡ್ಡ ಗ್ರಂಥಾಲಯವೊಂದರ ಕ್ಯಾಟಲಾಗಿನಲ್ಲಿ ತಾಳೆ ನೋಡಬೇಕು.

ಕರಡು ಅಂತಿಮವಾಗುವ ಮೊದಲು ಒಂದು ಪರೀಕ್ಷೆ ಮಾಡಿ ಎಂದು ಕೇಳಿಕೊಳ್ಳುತ್ತೇವೆ. ಅದರಿಂದ ಯಾವುದಾದರೂ 10 ಕಲಿಕಾ ಫಲಗಳನ್ನು ಆರಿಸಿಕೊಳ್ಳಿ. ಸಮಿತಿಯ ಇಬ್ಬರು ಸದಸ್ಯರು ಅವನ್ನು ಹಿಡಿದು ಮೂರು ಸಾಧಾರಣ ಶಾಲೆಗಳ ಗ್ರಂಥಾಲಯಕ್ಕೆ ಹೋಗಲಿ, ಮಾದರಿ ಶಾಲೆಗಳು ಬೇಡ. ಗ್ರಂಥಪಾಲಕರ ಜೊತೆ ಮೂರು ಗಂಟೆ ಕೂತು ಪ್ರತಿಯೊಂದಕ್ಕೂ ಆಕರ ಹುಡುಕಲಿ. ಎಷ್ಟು ಸಿಕ್ಕಿತು, ಅದರಲ್ಲಿ ಆ ತರಗತಿಯ ಮಕ್ಕಳು ಓದಬಲ್ಲದ್ದು ಎಷ್ಟು, ಯಾವ ವರ್ಷದ್ದು, ಎಷ್ಟು ಗುಂಪಿಗೆ ಸಾಲುತ್ತದೆ, ಎಷ್ಟು ಪೀರಿಯಡ್ ಬೇಕು ಎಂಬ ಐದು ಅಂಕಣ ತುಂಬಲಿ. ಮೂರೂ ಶಾಲೆಗಳಲ್ಲಿ ಖಾಲಿ ಉಳಿದ ಸಾಲುಗಳನ್ನು ಕರಡಿನಲ್ಲಿ ಗುರುತು ಮಾಡಿ, ಅವುಗಳಿಗೆ ಒಂದೋ ಪುಸ್ತಕದ ಹಣ ಮತ್ತು ಸಮಯವನ್ನು ಅದೇ ಆದೇಶದಲ್ಲಿ ಸೇರಿಸಿ, ಇಲ್ಲವೇ ಅವು ದೊರಕುವವರೆಗೆ ಕ್ರಿಯಾಪದವನ್ನು ಬದಲಿಸಿ. ಆ ಮೂರು ಗಂಟೆ ನಿಮ್ಮೊಂದಿಗೆ ಕೂರಲು ನಾವು ಸಿದ್ಧರಿದ್ದೇವೆ, ಕರಡಿನ ಪ್ರತಿ ಒಂದು ವಾರ ಮೊದಲು ಕೈಗೆ ಸಿಕ್ಕರೆ ಕಪಾಟಿನ ಪಟ್ಟಿಯನ್ನು ತಯಾರು ಮಾಡಿಯೇ ಇಟ್ಟಿರುತ್ತೇವೆ.

ಇತಿ,
ಪ್ರೌಢಶಾಲಾ ಗ್ರಂಥಪಾಲಕರು